ತಿಂಗಳ ಕೊನೆಯ ಎರಕ

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲಕ್ಷ್ಮೀಪತಿಯವರದೊಂದು ಪಂಪ್‌ಸೆಟ್ಟಿನ ಕಾರ್ಖಾನೆ ಇತ್ತು. ಅಲ್ಲಿಯ ಎಲ್ಲ ಬೀಗದ ಕೈಗಳೂ ಅವರ ಸೊಂಟದಲ್ಲೇ ಇರುತ್ತಿದ್ದವು. ಉಗ್ರಾಣದ್ದು ಸರಿ, ಟೈಪ್‌ರೈಟರಿನ ಪೆಟ್ಟಿಗೆಯದೂ ಅಲ್ಲೇ. ಹಿಂದೆ ಪಾಲುದಾರನಾಗಿದ್ದ ಅವರ ಸೋದರಮಾವನ ಮಗ ವರ್ಷಗಟ್ಟಲೆ ತಾಮ್ರದ ತಂತಿಯನ್ನು ಹಿಂಬಾಗಿಲಿನಿಂದ ಸಾಗಿಸಿ, ಆ ದುಡ್ಡಿನಲ್ಲೇ ಮಗಳ ಮದುವೆ ಮಾಡಿ, ಲಕ್ಷ್ಮೀಪತಿಯವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಹೋಳಿಗೆ ಬಡಿಸಿದ್ದ. ಸಂಗತಿ ಗೊತ್ತಾದ ದಿನದಿಂದ ಅವರಿಗೆ ಮನುಷ್ಯರ ಮೇಲಿನ ನಂಬಿಕೆ ಹೊರಟುಹೋಗಿತ್ತು.

ಅಂಥ ಕಡೆ ವತ್ಸಲಾ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿ, ವಿಜಯನಗರದಲ್ಲಿ ತಾಯಿಯ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಹೊರಗಿನಿಂದ ಕಾರ್ಖಾನೆಗೆ ಬರುವ ಸಾಮಾನನ್ನು ಪರೀಕ್ಷಿಸಿ ಒಪ್ಪುವುದು ಅಥವಾ ತಿರಸ್ಕರಿಸುವುದು ಅವಳ ಕೆಲಸ. ಆ ವರ್ಷ ಸಂಜೆ ಹೊತ್ತು ಗುಣಮಟ್ಟ ಸುಧಾರಣೆಯ ತರಗತಿಗೂ ಹೋಗಿದ್ದಳು. ಕೆಟ್ಟ ಮಾಲನ್ನು ಬಾಗಿಲಲ್ಲಿ ಹಿಡಿದರೆ ಪ್ರಯೋಜನ ಕಡಿಮೆ, ಅದು ಹುಟ್ಟುವ ಜಾಗಕ್ಕೆ ಹೋಗಿ ಕಾರಣ ಹುಡುಕಬೇಕು, ಮಾಲು ಕೊಡುವವನನ್ನು ನಮ್ಮದೇ ಕಾರ್ಖಾನೆಯ ಒಂದು ಕೋಣೆ ಅಂದುಕೊಳ್ಳಬೇಕು ಎಂದು ಅಲ್ಲಿಯ ಮೇಷ್ಟರು ಹೇಳುತ್ತಿದ್ದರು. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ಲಕ್ಷ್ಮೀಪತಿಯವರ ಕಾರ್ಖಾನೆಯಲ್ಲಿ ಒಳಗಿನ ಕೋಣೆಗಳೇ ಒಂದನ್ನೊಂದು ನಂಬುತ್ತಿರಲಿಲ್ಲ.

ಎಪ್ಪತ್ತೈದರ ಕೊನೆಯ ತಿಂಗಳುಗಳಲ್ಲಿ ಪಂಪಿಗೆ ಬೇಡಿಕೆ ಏರಿತು, ಅದರ ಜೊತೆಗೇ ಪಂಪಿನ ಕೇಸಿಂಗುಗಳು ಸೋರತೊಡಗಿದವು. ಕೇಸಿಂಗ್ ಅಂದರೆ ಪಂಪಿನ ಹೊರಮೈ, ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಎರಕದ ಕಬ್ಬಿಣ. ಅದರ ಬಾಯಿ ಮುಚ್ಚಿ ಒಳಗೆ ನೀರನ್ನು ಒತ್ತಡದಿಂದ ತುಂಬಿದರೆ ಒಳ್ಳೆಯದು ಒಣಗಿಯೇ ಇರುತ್ತದೆ. ಕೆಟ್ಟದ್ದು ಮೈಮೇಲೆಲ್ಲ ಸಣ್ಣಗೆ ಬೆವರುತ್ತದೆ. ಮಂಡ್ಯದ ಕಡೆಯಿಂದ ರೈತರು ಪಂಪುಗಳನ್ನು ವಾಪಸು ಹೊತ್ತು ತಂದು ಗೇಟಿನಲ್ಲಿ ಬೈದು ಹೋಗುತ್ತಿದ್ದರು.

ವತ್ಸಲಾ ದೊಡ್ಡದೊಂದು ಗ್ರಾಫ್ ಹಾಳೆಯ ಮೇಲೆ, ಬಂದ ಒಂದೊಂದು ಲೋಡಿನಲ್ಲಿ ನೂರಕ್ಕೆ ಎಷ್ಟು ಬೆವರಿದವು ಎಂದು ಚುಕ್ಕಿ ಇಡುತ್ತ ಬಂದಳು. ಎಂದಿನ ಏರಿಳಿತ ಇಷ್ಟರೊಳಗೆ ಇರಬೇಕು ಎಂದು ಲೆಕ್ಕ ಹಾಕಿ ಮೇಲೊಂದು ಕೆಂಪು ಗೆರೆ ಎಳೆದಳು. ಗೆರೆ ದಾಟಿದ ಚುಕ್ಕಿಗಳೆಲ್ಲ ತಿಂಗಳ ಕೊನೆಯ ವಾರದ ಲೋಡುಗಳವು. ಹಿಂದಿನ ಆರ್ಡರಿನಲ್ಲಿ ಬಾಕಿ ಉಳಿದು ತಿಂಗಳ ನಡುವೆ ಬಂದ ಚಿಲ್ಲರೆ ಮಾಲು ಅಪ್ಪಟವಾಗಿತ್ತು.

ಲಕ್ಷ್ಮೀಪತಿ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅವರ ಹಿಂದಿನ ಗೋಡೆಯ ಮೇಲೆ 'ಮಾತು ಕಡಿಮೆ, ದುಡಿಮೆ ಹೆಚ್ಚು' ಎಂಬ ಸರ್ಕಾರದ ಭಿತ್ತಿಪತ್ರವಿತ್ತು. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಜನ ಹೇಗೂ ಮೆಲ್ಲಗೆ ಮಾತಾಡುತ್ತಿದ್ದರು. ಲಕ್ಷ್ಮೀಪತಿ ಇನ್ನೂ ಮೆಲ್ಲಗೆ ಮಾತಾಡಿದರು.

"ಬಾಗಿಲು ಮುಂದಕ್ಕೆ ಮಾಡಮ್ಮ. ಈ ಎರಕ ಎಲ್ಲಿಂದ ಬರುತ್ತೆ?"

"ನಾಯಂಡಹಳ್ಳಿ ಹನುಮಕ್ಕನೋರ ಫೌಂಡ್ರಿಯಿಂದ ಸಾರ್."

"ಆರ್ಡರ್ ಬರೆಯೋನು?"

"ಪರ್ಚೇಸಿನ ವೆಂಕಟಗಿರಿಯವರು."

"ತಿಂಗಳ ಕೊನೇಲಿ ನಮಗೆ ಅವಸರ ಇರುತ್ತೆ, ಏನು ಕೊಟ್ರೂ ತಗೋತೀವಿ ಅಂತ ಆ ಹೆಂಗಸಿಗೆ ಹೇಳಿಕೊಟ್ಟೋರು ಯಾರು? ಗುಜರಿ ಕಬ್ಬಿಣ ಕರಗಿಸಿ ಕೊಡ್ತಾಳೆ, ಉಳಿದದ್ದು ಇಬ್ರೂ ಹಂಚ್ಕೋತಾರೆ. ನೀನು ಅಲ್ಲಿಗೆ ಹೋಗು. ತಪಾಸಣೆ ಅಂತ ಹೇಳು. ವೆಂಕಟಗಿರಿ ಅಲ್ಲಿ ಏನು ಮಾಡ್ತಾನೆ, ಎಷ್ಟು ಸಲ ಬರ್ತಾನೆ, ತಿಳ್ಕೊಂಡು ಬಾ. ನನಗೊಬ್ಬನಿಗೇ ಹೇಳು."

ಹೊರಗೆ ಬಂದಾಗ ವೆಂಕಟಗಿರಿ ಕಾಯುತ್ತ ನಿಂತಿದ್ದರು. ಐವತ್ತು ದಾಟಿದ, ಸದಾ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುವ ಮನುಷ್ಯ.

"ಏನಂದ್ರು ಸಾಹೇಬ್ರು?"

"ಫೌಂಡ್ರಿಗೆ ಹೋಗಿ ನೋಡ್ಕೊಂಡು ಬಾ ಅಂದ್ರು."

"ಹೋಗಿಬನ್ನಿ, ಒಳ್ಳೇದು. ಏನು ಕಂಡ್ರೂ ಮೊದಲು ನನಗೆ ಹೇಳಿ. ಆಮೇಲೆ ಅವರಿಗೆ." ಅವರು ಸುತ್ತ ನೋಡಿ ಸೇರಿಸಿದರು. "ಇಲ್ಲಿ ನಾಲಿಗೆ ಬಿಗಿ ಹಿಡ್ಕೊಂಡೋರೇ ಉಳ್ಕೊಂಡಿರೋದು ಕಣ್ರೀ."

ಡಿಸೆಂಬರಿನ ನಡುವಿನ ಒಂದು ಬೆಳಗ್ಗೆ ವತ್ಸಲಾ ಮೈಸೂರು ರಸ್ತೆಯಲ್ಲಿ ಬಸ್ಸಿಳಿದು, ವೃಷಭಾವತಿಯ ಕಡೆಗೆ ಇಳಿಯುವ ಮಣ್ಣುದಾರಿ ಹಿಡಿದಳು. ರಾಗಿ ಕೊಯ್ದ ಹೊಲಗಳ ನಡುವೆ ಎರಡು ವರ್ಕ್‌ಶಾಪುಗಳು, ಒಂದು ಗೋಡೌನು, ಆಮೇಲೆ ಹನುಮಕ್ಕನ ಫೌಂಡ್ರಿಯ ಹೊಗೆಗೊಳವೆ. ಫೌಂಡ್ರಿ ಶುರು ಮಾಡಿದ್ದು ಹನುಮಕ್ಕನ ಗಂಡ. ಅವನು ತೀರಿಕೊಂಡ ಮೇಲೆ ಮೈದುನಂದಿರು ಜಾಗ ಮಾರೋಣವೆಂದು ಕುಣಿದರೂ ಆಕೆ ಬಿಟ್ಟುಕೊಟ್ಟಿರಲಿಲ್ಲ. ಕುಲುಮೆಯ ಮುಂದೆ ಸೆರಗು ಬಿಗಿದು ನಿಂತ ದಪ್ಪ ಹೆಂಗಸು ವತ್ಸಲಾಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಇಷ್ಟ್ ದಿನ ಇಲ್ದೆ ಇರೋ ತಪಾಸಣೆ ಈಗ್ಯಾಕವ್ವ? ಯಾರ್ ಕಳ್ಸಿದ್ದು ನಿನ್ನ?"

"ಯಜಮಾನರೇ ಕಳಿಸಿದ್ದು ಅಮ್ಮ. ಕೇಸಿಂಗ್ ಸೋರ್ತಾ ಇದೆ. ಯಾಕೆ ಅಂತ ಒಟ್ಟಿಗೆ ನೋಡೋಣ ಅಂತ ಬಂದೆ."

"ಒಟ್ಟಿಗೆ!" ಹನುಮಕ್ಕ ನಕ್ಕಳು. "ನನ್ ಅಚ್ಚಿನ ಮಣ್ಣಿನ ಹದ ನೋಡ್ಕೊಂಡು ಹೋಗಿ ಇನ್ನೊಬ್ಬನಿಗೆ ಯೋಳ್ಕೊಡೋಕಲ್ವಾ? ಹೋದೊರ್ಷ ಒಬ್ಬ ಪ್ಯಾಂಟಿನೋನು ಹಿಂಗೇ ನೋಡ್ತೀನಿ ಅಂತ ಬಂದಿದ್ದ. ಅವನೀಗ ಪೀಣ್ಯದಲ್ಲಿ ಸ್ವಂತ ಫೌಂಡ್ರಿ ಇಟ್ಟವ್ನೆ."

ಆದರೂ ಒಳಗೆ ಬಿಟ್ಟಳು. ವತ್ಸಲಾ ಎಲ್ಲಿ ಹೋದರೂ ಒಂದು ಮಾರು ಹಿಂದೆ ಅವಳೂ ಬಂದಳು. ಮಣ್ಣು ಹದ ಮಾಡುವ ಕೊಟ್ಟಿಗೆಯ ಬಾಗಿಲಿಗೆ ಮಾತ್ರ ಬೀಗವಿತ್ತು. "ಅದು ಬ್ಯಾಡ" ಎಂದಳು. ಉಳಿದದ್ದೆಲ್ಲ ಕಾಣಿಸಿತು. ಗುಜರಿ ಇತ್ತು, ಆದರೆ ಸ್ವಲ್ಪವೇ. ಕುಲುಮೆಗೆ ಬೀಳುತ್ತಿದ್ದದ್ದು ಬಹುಪಾಲು ಒಳ್ಳೆಯ ಕಚ್ಚಾ ಕಬ್ಬಿಣ. ಮೇಸ್ತ್ರಿ ಅಂಜಿನಯ್ಯನ ಆಳುಗಳು ಕರಗಿದ ಕಬ್ಬಿಣವನ್ನು ಮಣ್ಣಿನ ಅಚ್ಚುಗಳಿಗೆ ಹುಯ್ದು, ಹಾಗೆಯೇ ಬಿಟ್ಟು, ಬೀಡಿ ಹಚ್ಚಿ ಕುಳಿತರು.

"ಇವನ್ನ ಯಾವಾಗ ಹೊರಗೆ ತೆಗೀತೀರಿ?"

"ನಾಳೆ ಬೆಳಗ್ಗೆ. ಒಳಗೇ ಆರ್ಬೇಕು. ಬಾಣಂತಿ ಇದ್ದಂಗೆ, ತಂಗಾಳಿ ತಾಗ್ಬಾರ್ದು" ಎಂದಳು ಹನುಮಕ್ಕ.

ಎಲ್ಲ ಸರಿಯಾಗಿಯೇ ಇತ್ತು. ಅತಿ ಸರಿಯಾಗಿದೆ, ನಾನು ಬರುವುದು ಮೊದಲೇ ಗೊತ್ತಿತ್ತು ಎಂದು ವತ್ಸಲಾಳಿಗೆ ಅನಿಸಿತು. ಹೊರಡುವಾಗ ಹನುಮಕ್ಕ ಒಂದು ಚೀಲ ಅವರೆಕಾಯಿ ತಂದು ಕೈಗೆ ತುರುಕಿದಳು. ಬೇಡವೆಂದರೂ ಕೇಳಲಿಲ್ಲ. ಸೊಗಡಿನ ಕಾಯಿ. ಆ ರಾತ್ರಿ ಅವಳ ತಾಯಿ ಹಿತಕಿದ ಬೇಳೆ ಸಾರು ಮಾಡಿ ಖುಷಿಪಟ್ಟರು. ವತ್ಸಲಾ ಅರ್ಧಕ್ಕೇ ಕೈ ತೊಳೆದಳು. ಇದು ಬರಿಯ ಅವರೆಕಾಯೋ, ಬೇರೇನಾದರೂ ಲೆಕ್ಕವೋ?

ಅದೇ ವಾರ ರಾಜಾಜಿನಗರದ ಒಂದು ಹೋಟೆಲಿಗೆ ಕಾಫಿಗೆ ಹೋದಾಗ, ಮೂಲೆಯ ಮೇಜಿನಲ್ಲಿ ವೆಂಕಟಗಿರಿ ಯಾರೋ ಒಬ್ಬನ ಜೊತೆ ತಲೆಗೆ ತಲೆ ತಾಗಿಸಿ ಮಾತಾಡುತ್ತಿರುವುದು ಕಂಡಿತು. ಆ ಮನುಷ್ಯನ ಮುಂದೆ ಕೇಸಿಂಗಿನ ನಕ್ಷೆ ಹರಡಿತ್ತು. ವತ್ಸಲಾಳನ್ನು ನೋಡಿದ್ದೇ ವೆಂಕಟಗಿರಿ ನಕ್ಷೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ನಗದೆ, ತಲೆ ಮಾತ್ರ ಆಡಿಸಿದರು.

ಲಕ್ಷ್ಮೀಪತಿಯವರಿಗೆ ಅದನ್ನು ಹೇಳಬೇಕೋ ಬೇಡವೋ ಎಂದುಕೊಳ್ಳುತ್ತಲೇ ಮರುದಿನ ಅವರ ಕೋಣೆಗೆ ಹೋದಳು. ಅವರೇ ಮೊದಲು ಬಾಯಿ ತೆರೆದರು.

"ಅವರೆಕಾಯಿ ಚೆನ್ನಾಗಿತ್ತೇನಮ್ಮ?"

ವತ್ಸಲಾ ಬಾಗಿಲ ಕಡೆ ತಿರುಗಿ ನೋಡಿದಳು. ಚೀಲದ ಸುದ್ದಿಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಂದರೆ ಅವಳ ಹಿಂದೆಯೂ ಒಬ್ಬನನ್ನು ಬಿಟ್ಟಿದ್ದಾರೆ. ಹೋಟೆಲಿನ ಸಂಗತಿಯನ್ನು ಹೇಳದೆಯೇ ಹೊರಗೆ ಬಂದಳು. ಅಂದಿನಿಂದ ಡಬ್ಬಿ ತೆರೆದು ಊಟ ಮಾಡುವಾಗಲೂ ಯಾರು ನೋಡುತ್ತಿದ್ದಾರೆ ಎಂದು ಕಣ್ಣು ಸುತ್ತ ಹರಿಯುತ್ತಿತ್ತು.

ತಿಂಗಳ ಕೊನೆ ಬಂತು. ಯಾರಿಗೂ ತಿಳಿಸದೆ, ಬಸ್ಸನ್ನೂ ಹತ್ತದೆ, ವಿಜಯನಗರದಿಂದ ಅತ್ತಿಗುಪ್ಪೆ ದಾಟಿ ಹೊಲಗಳ ಬದುಗುಂಟ ನಡೆದೇ ವತ್ಸಲಾ ನಾಯಂಡಹಳ್ಳಿಗೆ ಹೋದಳು. ಫೌಂಡ್ರಿಯ ಮುಂದೆ ಕಾರ್ಖಾನೆಯ ಲಾರಿ ನಿಂತಿತ್ತು. ಗೇಟು ಹಾಕಿ, ಒಳಗಿನಿಂದ ಅಂಜಿನಯ್ಯ ಅಡ್ಡ ನಿಂತಿದ್ದ.

"ಇವತ್ತು ಯಾರ್ನೂ ಬಿಡ್ಬ್ಯಾಡ ಅಂದವ್ರೆ ನಮ್ಮಕ್ಕಯ್ಯ. ನಾಳಿದ್ದು ಬನ್ನಿ."

ಅವಳು ಸುಮ್ಮನೆ ತಿರುಗಿ ಹೊರಟಂತೆ ಮಾಡಿ, ಗೋಡೆಯ ಹಿಂಬದಿಗೆ ಹೋದಳು. ಅಲ್ಲಿ ಲಂಟಾನ ಬೆಳೆದು ಗೋಡೆ ಅರ್ಧ ಬಿದ್ದಿತ್ತು. ಒಳಗಿನಿಂದ ಬಿಳಿ ಮೋಡದಂತೆ ಏನೋ ಏಳುತ್ತಿತ್ತು. ಹಾವು ಬುಸುಗುಟ್ಟಿದಂಥ ಸದ್ದು, ಒಂದರ ಹಿಂದೊಂದು. ಬೆಂಕಿ ಬಿದ್ದಿದೆ ಎಂದುಕೊಂಡು ಸೀರೆ ಹರಿದರೂ ಲೆಕ್ಕಿಸದೆ ಗೋಡೆ ದಾಟಿದಳು.

ಅಂಗಳದ ತುಂಬ ಆಗತಾನೆ ಅಚ್ಚಿನಿಂದ ಒಡೆದು ತೆಗೆದ ಕೇಸಿಂಗುಗಳು. ಇನ್ನೂ ಮಬ್ಬುಗೆಂಪು. ಸಾಲಾಗಿ ನಿಂತ ಹೆಂಗಸರು ತೊಟ್ಟಿಯಿಂದ ಕೊಡ ಕೊಡ ನೀರು ಮೊಗೆದು ಅವುಗಳ ಮೇಲೆ ಸುರಿಯುತ್ತಿದ್ದರು. ನೀರು ಬಿದ್ದ ಕಡೆ ಕಬ್ಬಿಣ ಚೀರಿ ಕಪ್ಪಾಗುತ್ತಿತ್ತು. ನಡುವೆ ಹನುಮಕ್ಕ, ಮುಖವೆಲ್ಲ ಮಸಿ, "ಬೇಗ ಬೇಗ" ಎನ್ನುತ್ತಿದ್ದಳು. ವತ್ಸಲಾಳನ್ನು ಕಂಡು ಅವಳ ದನಿ ಅಲ್ಲೇ ನಿಂತಿತು.

"ಬಾಣಂತಿಗೆ ತಂಗಾಳಿ ತಾಗ್ಬಾರ್ದು ಅಂದ್ರಿ" ಎಂದಳು ವತ್ಸಲಾ. "ತಣ್ಣೀರೇ ಸುರೀತಾ ಇದ್ದೀರಲ್ಲ!"

"ಕಳ್ಳಿ ಹಂಗೆ ಗೋಡೆ ಹಾರಿ ಬಂದಿದ್ದೀಯಲ್ಲ, ನಿಂಗೇನು ಹೇಳ್ಬೇಕು ನಾನು!" ಹನುಮಕ್ಕ ಸಿಡಿದಳು. ಮರುಕ್ಷಣವೇ ಬಾಗಿಲ ಕಡೆ ಕೈ ತೋರಿಸಿದಳು. "ನಿಮ್ ಲಾರಿ ಬೆಳಗ್ಗಿಂದ ನಿಂತೈತೆ. ಸಂಜೆ ಒಳಗೆ ತುಂಬ್ದೆ ಇದ್ರೆ ಆರ್ಡರ್ ಕ್ಯಾನ್ಸಲ್ ಅಂತಾರೆ. ಸುಡೋ ಕಬ್ಬಿಣ ಲಾರಿಗೆ ಹೆಂಗ್ ಹಾಕ್ಲಿ? ನೀನೇ ಹೇಳು."

"ಮೊದಲ ವಾರದಿಂದಲೇ ಎರೆದು ಇಡಬಹುದಿತ್ತಲ್ಲ?"

"ಆರ್ಡರ್ ಬಂದಿದ್ದೇ ಮೊನ್ನೆ ಕಣವ್ವ! ಪ್ರತಿ ತಿಂಗಳೂ ಇದೇ ಗೋಳು. ಬಾಕಿ ಚಿಲ್ಲರೆ ಬಿಟ್ರೆ ಇಪ್ಪತ್ತು ದಿನ ಕೈ ಕಟ್ಕೊಂಡು ಕೂತಿರ್ತೀವಿ, ಆಮೇಲೆ ಒಟ್ಟಿಗೇ ತಲೆ ಮೇಲೆ ಬೀಳ್ತದೆ. ಕಾಗ್ದ ಇಲ್ದೆ ಒಂದ್ಸಲ ಎರೆದಿಟ್ಟೆ. ಮಾಡ್ಲು ಬದ್ಲಾಯ್ತು, ಬ್ಯಾಡ ಅಂದ್ರು. ಅವು ಈಗ ಹಂದಿ ಗೂಡಿಗೆ ಒರಗು ಆಗವೆ, ನೋಡೋಗು."

ವತ್ಸಲಾ ನೋಡಿದಳು. ನಿಜವಾಗಿಯೂ ಹಿತ್ತಲಲ್ಲಿ ಹಳೆಯ ಮಾದರಿಯ ಕೇಸಿಂಗುಗಳನ್ನು ಒಂದರ ಮೇಲೊಂದು ಪೇರಿಸಿ ಹಂದಿಗೂಡಿನ ಗೋಡೆ ಮಾಡಿದ್ದರು.

ನೀರೇ ಕಾರಣವಿರಬೇಕು. ಬಿಸಿ ಗಾಜಿಗೆ ತಣ್ಣೀರು ತಾಗಿದಂತೆ, ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು. ಆದರೆ ಇರಬೇಕು ಅಂದರೆ ಸಾಲದು. ಅವಳಿಗೆ ಸಾಬೀತಾಗಬೇಕಿತ್ತು. ಹನುಮಕ್ಕನ ಮಾತನ್ನೂ ಅವಳು ಪೂರ್ತಿ ನಂಬಿರಲಿಲ್ಲ. ಅಲ್ಲೇ ಒಂದು ಕೋರಿಕೆ ಇಟ್ಟಳು. ಒಂದೇ ಕುಲುಮೆಯ ಕಬ್ಬಿಣದಿಂದ ಎರೆದ ಕೇಸಿಂಗುಗಳಲ್ಲಿ ಅರ್ಧಕ್ಕೆ ನೀರು ಹಾಕಬೇಕು, ಅರ್ಧವನ್ನು ಅಚ್ಚಿನಲ್ಲೇ ಆರಲು ಬಿಡಬೇಕು. ಯಾವುದು ಯಾವುದೆಂದು ತಿಳಿಯುವ ಗುರುತನ್ನು ಒಳಗಡೆ ಹಾಕಬೇಕು, ಕಾರ್ಖಾನೆಯಲ್ಲಿ ನೀರು ಒತ್ತಿ ಪರೀಕ್ಷೆ ಮಾಡುವ ಆಳಿಗೆ ಅದು ಗೊತ್ತಾಗಬಾರದು.

"ನೀನು ಅಲ್ಲಿ ಅದ್ಲುಬದ್ಲು ಮಾಡಿ ನನ್ನ ತಲೆ ಮೇಲೆ ಹಾಕಿದ್ರೆ?"

"ನಿಮ್ಮೋರನ್ನ ಒಬ್ಬರನ್ನ ಜೊತೇಲಿ ಕಳಿಸಿ. ಪರೀಕ್ಷೆ ಮುಗಿಯೋವರೆಗೂ ಪಕ್ಕದಲ್ಲೇ ಕೂತಿರ್ಲಿ."

ಹೀಗೆ ಜನವರಿಯ ಮೊದಲ ವಾರ ಅಂಜಿನಯ್ಯ ಒಗೆದ ಅಂಗಿ ತೊಟ್ಟು ಲಾರಿಯಲ್ಲಿ ಕೇಸಿಂಗುಗಳ ಮೇಲೆಯೇ ಕುಳಿತು ರಾಜಾಜಿನಗರಕ್ಕೆ ಬಂದ. ಅವನ ಮೇಲೆ ಕಣ್ಣಿಡಲು ಲಕ್ಷ್ಮೀಪತಿ ವಾಚ್‌ಮನ್‌ನನ್ನು ನಿಲ್ಲಿಸಿದರು. ವಾಚ್‌ಮನ್ ಏನು ಹೇಳುತ್ತಾನೋ ಎಂದು ವೆಂಕಟಗಿರಿ ಬಂದು ಕಂಬಕ್ಕೆ ಒರಗಿದರು. ಪರೀಕ್ಷೆಯ ಬೆಂಚಿನ ಸುತ್ತ ಇಷ್ಟು ಜನ ಹಿಂದೆಂದೂ ನಿಂತಿರಲಿಲ್ಲ. ಒಬ್ಬೊಬ್ಬರ ಕಣ್ಣೂ ಇನ್ನೊಬ್ಬರ ಕೈಯ ಮೇಲೆ.

ನೀರು ತುಂಬಿ ಒತ್ತಡ ಏರಿಸಿದರು. ಒಂದು ಒಣಗಿತ್ತು. ಇನ್ನೊಂದು ಹಣೆಯ ಬೆವರಿನಂತೆ ಮೆಲ್ಲಗೆ ಒದ್ದೆಯಾಯಿತು. ಎಲ್ಲ ಮುಗಿದ ಮೇಲೆ ಒಳಗಿನ ಗುರುತು ನೋಡಿದರು. ಅಚ್ಚಿನಲ್ಲೇ ಆರಿದವುಗಳಲ್ಲಿ ಒಂದೂ ಬೆವರಿರಲಿಲ್ಲ. ನೀರು ಕುಡಿದವುಗಳಲ್ಲಿ ಹೆಚ್ಚುಪಾಲು ಬೆವರಿದ್ದವು.

ಅಂಜಿನಯ್ಯ ಕೇಸಿಂಗೊಂದರ ಮೇಲೆ ಕೈಯಾಡಿಸಿ, ಆ ಕೈಯನ್ನು ಅಂಗಿಗೆ ಒರೆಸಿಕೊಂಡು ಹೊರಟುಹೋದ.

ಈಗ ಉಳಿದದ್ದು ಒಂದೇ ಪ್ರಶ್ನೆ. ಆರ್ಡರು ಯಾಕೆ ತಿಂಗಳ ಕೊನೆಗೇ ಹೋಗುತ್ತದೆ? ಅದನ್ನು ಬರೆಯುವವರು ವೆಂಕಟಗಿರಿ. ಹೋಟೆಲಿನ ಮೂಲೆ, ಮಡಚಿದ ನಕ್ಷೆ, ನಗದ ಮುಖ ಎಲ್ಲವೂ ವತ್ಸಲಾಳ ಮನಸ್ಸಿನಲ್ಲಿ ಸಾಲಾಗಿ ನಿಂತವು. ಹನುಮಕ್ಕನ ಮಾಲು ಕೆಡಲಿ ಎಂದೇ ತಡ ಮಾಡುತ್ತಾರೆ, ಆಮೇಲೆ ಆ ಇನ್ನೊಬ್ಬನಿಗೆ ಆರ್ಡರ್ ಕೊಡಿಸುತ್ತಾರೆ. ಅವಳು ನೇರವಾಗಿ ಅವರ ಮೇಜಿಗೆ ಹೋದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹನುಮಕ್ಕನ ಆರ್ಡರನ್ನ ನೀವು ಬೇಕೂಂತಲೇ ತಡ ಮಾಡ್ತಾ ಇದ್ದೀರಾ?"

ವೆಂಕಟಗಿರಿ ಕರ್ಚೀಫು ಹಿಡಿದ ಕೈಯನ್ನು ಕತ್ತಿನ ಮೇಲೆಯೇ ಬಿಟ್ಟರು.

"ಇದನ್ನ ಕೇಳು ಅಂತ ಸಾಹೇಬ್ರು ಹೇಳಿದ್ರಾ?"

"ಇಲ್ಲ. ನಾನೇ ಕೇಳ್ತಾ ಇದ್ದೀನಿ."

"ಸುಳ್ಳು ಹೇಳ್ಬೇಡಿ. ನನ್ನ ಮೇಲೆ ಕಣ್ಣಿಡೋಕೆ ನಿಮ್ಮನ್ನ ಬಿಟ್ಟಿದ್ದಾರೆ ಅಂತ ನನಗೆ ಗೊತ್ತಿಲ್ವಾ?"

ವತ್ಸಲಾ, "ಹೌದು, ಬಿಟ್ಟಿದ್ದಾರೆ" ಎಂದಳು. "ಹೋಟೆಲಿನಲ್ಲಿ ನಿಮ್ಮ ಜೊತೆ ಇದ್ದೋರು ಯಾರು?"

ವೆಂಕಟಗಿರಿ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದರು. ಕುಳಿತಾಗ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಪೀಣ್ಯದ ಫೌಂಡ್ರಿಯೋನು. ಅವನ ಹತ್ರ ಗುಟ್ಟಾಗಿ ರೇಟು ಕೇಳ್ಕೊಂಡು ಬಾ ಅಂತ ಕಳಿಸಿದ್ದೇ ಸಾಹೇಬ್ರು. ಇನ್ನೊಂದು ಮಾತೂ ಹೇಳಿದ್ರು. 'ಆ ಹುಡುಗಿ ಹನುಮಕ್ಕನ ಕಡೆ ವಾಲ್ತಾ ಇದಾಳೆ ಅನ್ಸುತ್ತೆ, ಸ್ವಲ್ಪ ನೋಡ್ತಿರು' ಅಂತ. ಅವತ್ತು ಬಾಕಿ ಮಾಲು ತರೋಕೆ ಅಲ್ಲಿಗೆ ಹೋಗಿದ್ದ ಲಾರಿ ಡ್ರೈವರ್ ಅವರೆಕಾಯಿ ವಿಷಯ ನನಗೆ ಹೇಳಿದ, ನಾನು ಅವರಿಗೆ ಹೇಳಿದೆ. ನನ್ನ ನೌಕರಿ ಉಳೀಬೇಕಲ್ರೀ."

ವತ್ಸಲಾ ಎದುರಿನ ಸ್ಟೂಲು ಎಳೆದು ಕುಳಿತಳು. ಪಕ್ಕದ ಶೆಡ್ಡಿನಲ್ಲಿ ಲೇತು ತಿರುಗುವ ಸದ್ದು ಕೇಳುತ್ತಿತ್ತು.

"ಹಾಗಾದ್ರೆ ಆರ್ಡರ್?" ಎಂದಳು ವತ್ಸಲಾ.

"ಒಂದನೇ ತಾರೀಖೇ ಬರೀತೀನಿ. ಸಾಹೇಬ್ರ ಸಹಿ ಇಲ್ದೆ ಒಂದು ನಟ್ಟೂ ಈ ಗೇಟಿಂದ ಒಳಗೆ ಬರಲ್ಲ. ಅವರು ಅದನ್ನ ಇಟ್ಕೊಂಡು ಕೂರ್ತಾರೆ. ಉಗ್ರಾಣ ತಾವೇ ಎಣಿಸ್ತಾರೆ, ರೇಟು ಇನ್ನೆರಡು ಕಡೆ ವಿಚಾರಿಸ್ತಾರೆ, ನಾನೇನಾದ್ರೂ ಸೇರಿಸಿದ್ದೀನಾ ಅಂತ ಕೂಡಿಸಿ ಕಳೆದು ನೋಡ್ತಾರೆ. ಅಷ್ಟರಲ್ಲಿ ಇಪ್ಪತ್ತನೇ ತಾರೀಖು ದಾಟಿರುತ್ತೆ. ಪಂಪು ರವಾನೆ ಆಗ್ಬೇಕು. ಆಮೇಲೆ ಲಾರಿ ಕಳಿಸಿ ಹನುಮಕ್ಕನ ಕುತ್ತಿಗೆ ಮೇಲೆ ಕೂರೋನು ನಾನು."

"ಇದನ್ನ ಯಾಕೆ ಅವರಿಗೆ ಹೇಳ್ಲಿಲ್ಲ?"

"ಸಹಿಗೆ ಅವಸರ ಮಾಡೋನೇ ಕಳ್ಳ ಅಂತಾರೆ. ಅವರ ಪಾಲುದಾರ ಹಾಗೇ ಅವಸರ ಮಾಡಿ ಸಹಿ ಹಾಕಿಸ್ಕೊಳ್ತಿದ್ದನಂತೆ."

ಈ ಮಾತನ್ನೂ ವತ್ಸಲಾ ಸುಲಭವಾಗಿ ನಂಬಲಿಲ್ಲ. ಆದರೆ ಅಷ್ಟು ದಿನ ಎಲ್ಲೂ ಕೂಡದೆ ಉಳಿದಿದ್ದ ತುಂಡುಗಳೆಲ್ಲ ಇಲ್ಲಿ ಬಂದು ಕೂಡಿದವು. ಯಜಮಾನರು ಕಳ್ಳನನ್ನು ಹುಡುಕುತ್ತಿದ್ದರು. ಆ ಹುಡುಕಾಟದಲ್ಲಿ ಕಳೆದ ದಿನಗಳೇ ನಾಯಂಡಹಳ್ಳಿಯಲ್ಲಿ ಕೊಡದ ನೀರಾಗಿ ಕಬ್ಬಿಣದ ಮೇಲೆ ಬೀಳುತ್ತಿದ್ದವು. ಅದನ್ನು ಅವರ ಮುಖಕ್ಕೆ ಹೇಳುವವರು ಯಾರು?

"ಇಬ್ರೂ ಹೋಗೋಣ" ಎಂದಳು.

"ಇಬ್ರೂ ಹೋದ್ರೆ ಸೇರ್ಕೊಂಡಿದ್ದಾರೆ ಅಂತಾರೆ."

"ಒಬ್ಬೊಬ್ಬರೇ ಹೋದ್ರೆ ಒಬ್ಬರ ಮೇಲೆ ಒಬ್ಬರು ಚಾಡಿ ಹೇಳ್ಬೇಕಾಗುತ್ತೆ. ಬನ್ನಿ."

ಲಕ್ಷ್ಮೀಪತಿ ಇಬ್ಬರನ್ನೂ ಒಟ್ಟಿಗೆ ನೋಡಿದ ಕೂಡಲೇ ಕುರ್ಚಿಯಲ್ಲಿ ನೆಟ್ಟಗಾದರು. ವತ್ಸಲಾ ಪರೀಕ್ಷೆಯ ಫಲ ಹೇಳಿದಳು, ನೀರಿನ ಕಥೆ ಹೇಳಿದಳು, ಅಂಗಳದಲ್ಲಿ ಕಂಡದ್ದನ್ನೆಲ್ಲ ಹೇಳಿದಳು. ಅವರು ತಲೆದೂಗಿದರು.

"ನಾನು ಹೇಳ್ಲಿಲ್ವಾ, ಆ ಹೆಂಗಸೇ!"

"ಆಕೆಗೆ ಆರ್ಡರ್ ಸಿಗೋದು ತಿಂಗಳ ಕೊನೇಲಿ ಸಾರ್."

ಅವರ ಕಣ್ಣು ವೆಂಕಟಗಿರಿಯ ಕಡೆ ತಿರುಗಿತು. ವೆಂಕಟಗಿರಿ ನೆಲ ನೋಡುತ್ತ ನಿಂತರು. ವತ್ಸಲಾಳಿಗೆ ಈ ತಿಂಗಳು ಸಂಬಳ ಬರುತ್ತದೋ ಇಲ್ಲವೋ ಎಂದು ತಾಯಿಯ ನೆನಪಾಯಿತು.

"ಅವರು ಒಂದನೇ ತಾರೀಖೇ ಬರೆದಿಡ್ತಾರೆ ಸಾರ್. ಅದು ಇರೋದು ನಿಮ್ಮ ಮೇಜಿನ ಮೇಲೆ. ಈ ತಿಂಗಳದ್ದೂ ಅಲ್ಲೇ ಇದೆ."

ಲಕ್ಷ್ಮೀಪತಿ ಮೇಜಿನ ಮೇಲಿನ ಕಾಗದದ ಕಟ್ಟಿನ ಮೇಲೆ ಕೈಯಿಟ್ಟರು, ಯಾರಾದರೂ ಕಿತ್ತುಕೊಂಡಾರು ಎಂಬಂತೆ.

"ಈ ಮಾತು ನಿನಗೆ ಹೇಳಿಕೊಟ್ಟೋರು ಯಾರು?"

"ಯಾರೂ ಇಲ್ಲ."

"ಹನುಮಕ್ಕ? ಇವನು?"

"ಸಾರ್, ನನ್ನನ್ನ ಇವರ ಮೇಲೆ ಬಿಟ್ರಿ, ಇವರನ್ನ ನನ್ನ ಮೇಲೆ ಬಿಟ್ರಿ. ಇಬ್ರೂ ಹುಡುಕಿದ್ವಿ. ಕದ್ದೋರು ಯಾರೂ ಸಿಗ್ಲಿಲ್ಲ." ಅವಳು ಗ್ರಾಫ್ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು. "ಮೂರು ತಿಂಗಳ ಆರ್ಡರಿಗೆ ಒಟ್ಟಿಗೆ ಸಹಿ ಮಾಡಿಕೊಡಿ. ವಾರ ವಾರ ಇಷ್ಟಿಷ್ಟು ಅಂತ ಹಂಚಿ ಕಳಿಸ್ತೀವಿ. ಸೋರೋದು ನಿಲ್ಲದೆ ಇದ್ರೆ ನನ್ನನ್ನ ಕೆಲಸದಿಂದ ತೆಗೀರಿ."

ಲಕ್ಷ್ಮೀಪತಿ ಕಾಗದದ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡು, "ಹೊರಗಿರಿ" ಎಂದರು. ಅವರು ಅಂದು ಸಹಿ ಮಾಡಲಿಲ್ಲ. ಮರುದಿನ ಅಂಜಿನಯ್ಯನನ್ನು ಬೇರೆಯಾಗಿ ಕರೆಸಿ ವಿಚಾರಿಸಿದರು, ಪರೀಕ್ಷೆ ಮಾಡಿದವನನ್ನು ವಿಚಾರಿಸಿದರು, ಲಾರಿ ಡ್ರೈವರನನ್ನು ವಿಚಾರಿಸಿದರು. ಸಂಕ್ರಾಂತಿಯ ಹಿಂದಿನ ದಿನ ವೆಂಕಟಗಿರಿಯನ್ನು ಕರೆದು, ಮುಖ ನೋಡದೆ, ಸಹಿ ಮಾಡಿದ ಕಾಗದಗಳನ್ನು ಮುಂದೆ ತಳ್ಳಿದರು.

ಫೆಬ್ರವರಿಯಲ್ಲಿ ಮಾಲು ವಾರ ವಾರ ಬರತೊಡಗಿತು. ವತ್ಸಲಾಳ ಹಾಳೆಯ ಚುಕ್ಕಿಗಳು ಒಂದೊಂದಾಗಿ ಕೆಂಪು ಗೆರೆಯ ಕೆಳಗೆ ಇಳಿದು ಅಲ್ಲೇ ನಿಂತವು. ಹಾಗೆಂದು ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಮೂರು ತಿಂಗಳ ಕಾಗದ ಕೈಗೆ ಬಂದಾಗ ಹನುಮಕ್ಕ ಅದನ್ನು ಹೈಸ್ಕೂಲು ಮೇಷ್ಟರ ಹತ್ತಿರ ಎರಡೆರಡು ಸಲ ಓದಿಸಿದಳಂತೆ, ಇದರಲ್ಲಿ ಜಾಗ ಬರೆಸಿಕೊಳ್ಳುವ ಹುನ್ನಾರ ಏನಾದರೂ ಇದೆಯೇ ಎಂದು. ಮಣ್ಣಿನ ಕೊಟ್ಟಿಗೆಯ ಬೀಗವನ್ನು ಅವಳು ವತ್ಸಲಾಳಿಗೆ ಎಂದೂ ತೆಗೆಯಲಿಲ್ಲ. ವೆಂಕಟಗಿರಿ ಈಗ ವತ್ಸಲಾಳಿಗೆ ಕಾಫಿ ತರಿಸುತ್ತಿದ್ದರು, ಆದರೂ ಅವಳು ಯಜಮಾನರ ಕೋಣೆಯಿಂದ ಹೊರಬಂದಾಗಲೆಲ್ಲ "ಏನಂದ್ರು?" ಎಂದು ಕೇಳುವುದನ್ನು ಬಿಡಲಿಲ್ಲ.

ಮಾರ್ಚಿನ ಒಂದು ಬೆಳಗ್ಗೆ ವತ್ಸಲಾ ನಾಯಂಡಹಳ್ಳಿಗೆ ಹೋದಾಗ ಫೌಂಡ್ರಿಯ ಮುಂದಿನ ಹೊಂಗೆಮರದ ಕೆಳಗೆ ಲಕ್ಷ್ಮೀಪತಿಯವರ ಫಿಯಟ್ ಕಾರು ನಿಂತಿತ್ತು. ಅವರು ಯಾರಿಗೂ ಹೇಳದೆ ಹಿಂದಿನ ಮಧ್ಯಾಹ್ನವೇ ಬಂದು, ಎರಕ ಹುಯ್ಯುವುದನ್ನು ನೋಡಿ, ಸಂಜೆಯವರೆಗೂ ಕುರ್ಚಿ ಹಾಕಿಸಿಕೊಂಡು ಅಚ್ಚುಗಳನ್ನೇ ಕಾಯುತ್ತ ಕುಳಿತಿದ್ದರಂತೆ. ಕತ್ತಲಾದ ಮೇಲೆ ಮನೆಗೆ ಹೋಗಿ, ಬೆಳಕು ಹರಿಯುವ ಮೊದಲೇ ವಾಪಸು ಬಂದಿದ್ದಾರೆ. ಈಗ ಅಂಜಿನಯ್ಯ ಅಚ್ಚು ಒಡೆಯುತ್ತಿದ್ದ. ಲಕ್ಷ್ಮೀಪತಿ ಬಗ್ಗಿ, ಬಿಳಿ ಪಂಚೆಗೆ ಮಸಿ ತಾಗುವುದನ್ನೂ ಗಮನಿಸದೆ, ಹೊರಬಂದ ಕೇಸಿಂಗನ್ನು ಮೊದಲು ಬೆರಳ ತುದಿಯಿಂದ, ಆಮೇಲೆ ಅಂಗೈಯಿಂದ ಮುಟ್ಟಿ ನೋಡಿದರು. ತಣ್ಣಗಿತ್ತು.

"ರಾತ್ರಿ ನೀರು ಹಾಕಿಲ್ಲ ತಾನೆ?" ಎಂದರು.

"ಮಣ್ಣು ಮುಟ್ಟಿ ನೋಡಿ ಸ್ವಾಮಿ, ಒಣಗೈತೆ" ಎಂದಳು ಹನುಮಕ್ಕ.

ಅವರು ಮಣ್ಣನ್ನೂ ಮುಟ್ಟಿ ನೋಡಿದರು.

ಆಮೇಲೆ ಹನುಮಕ್ಕ ಹಿತ್ತಾಳೆಯ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟಳು. ಲಕ್ಷ್ಮೀಪತಿ ಅದನ್ನು ಎರಡು ಕೈಯಲ್ಲೂ ಹಿಡಿದು, ಮೂಗಿನ ಹತ್ತಿರ ತಂದು ನಿಂತರು. ಹನುಮಕ್ಕ ವತ್ಸಲಾಳ ಪಕ್ಕಕ್ಕೆ ಬಂದು, ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು.

"ನೋಡವ್ವ ನಿಮ್ ಯಜಮಾನ್ರನ್ನ. ಮೂಸಿ ನೋಡ್ತಾವ್ರೆ."

ವತ್ಸಲಾಳಿಗೆ ನಗು ಬಂತು, ಜೊತೆಗೆ ಏನೋ ಮರುಕವೂ. ಅವರು ಲೋಟದಿಂದ ಮುಖ ಎತ್ತಿ ಇಬ್ಬರು ಹೆಂಗಸರನ್ನೂ ಒಮ್ಮೆ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದು, ಲೋಟ ಕೆಳಗಿಟ್ಟು, ಇನ್ನೊಂದು ಲೋಟ ಸಿಗುತ್ತದೆಯೇ ಎಂದು ಕೇಳಿದರು.